ಶೆಡ್ಡು ಕಳೆದುಕೊಂಡ ಕುಟುಂಬ ಒಟ್ಟಿಗೇ ಇರಲು ಸರ್ಕಾರಿ ಆಶ್ರಯ ಎಲ್ಲಿದೆ?

ಪ್ರಶ್ನೆ ಕೇಳಿದವರು: ಶಾಲಾ ಶಿಕ್ಷಕಿ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಪೂರ್ವ ಭಾಗದ ಸರ್ಕಾರಿ ಪ್ರಾಥಮಿಕ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ನಮ್ಮ ಶಾಲೆಯ ಮೂರನೇ ತರಗತಿಯ ಹುಡುಗಿಯೊಬ್ಬಳ ಕುಟುಂಬಕ್ಕೆ ಈಗ ತಲೆಯ ಮೇಲೆ ಸೂರಿಲ್ಲ. ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಿಂದ ಗುಳೆ ಬಂದ ತಂದೆ ತಾಯಿ ಕಟ್ಟಡ ಕೆಲಸ ಮಾಡುತ್ತಾರೆ. ಜೊತೆಗೆ ಅಜ್ಜಿ ಇದ್ದಾರೆ, ಇನ್ನೂ ನಡೆಯಲು ಕಲಿಯುತ್ತಿರುವ ತಮ್ಮನಿದ್ದಾನೆ. ಕಾಮಗಾರಿಯ ಪಕ್ಕದ ಖಾಲಿ ಜಾಗದಲ್ಲಿ ತಗಡು ಮತ್ತು ನೀಲಿ ತಾಡಪಾಲಿನ ಶೆಡ್ಡು ಹಾಕಿಕೊಂಡಿದ್ದರು. ಕಟ್ಟಡದ ಕೆಲಸ ಮುಗಿಯುತ್ತಾ ಬಂದಂತೆ ಜಾಗ ಖಾಲಿ ಮಾಡುವಂತೆ ಹೇಳಿದ ಮೇಸ್ತ್ರಿ, ಎರಡು ದಿನ ಕಳೆಯುವಷ್ಟರಲ್ಲಿ ತಗಡುಗಳನ್ನು ಕಳಚಿಸಿ ಲಾರಿಗೆ ಹೇರಿಸಿದನಂತೆ. ಈಗ ಅವರು ಮೇಲ್ಸೇತುವೆಯ ಕೆಳಗೆ ಮಲಗುತ್ತಿದ್ದಾರೆ. ಹುಡುಗಿ ಶಾಲೆಗೆ ಬರುವಾಗ ಪುಸ್ತಕದ ಚೀಲದ ಜೊತೆಗೆ ಮನೆಯ ಪಾತ್ರೆಗಳ ಗಂಟನ್ನೂ ತರುತ್ತಾಳೆ. ಬಿಟ್ಟು ಬಂದರೆ ಕಳುವಾಗುತ್ತದೆ ಎಂಬ ಭಯ ಅವರಿಗೆ. ಆ ಗಂಟನ್ನು ಸಿಬ್ಬಂದಿ ಕೊಠಡಿಯಲ್ಲಿ ಇಡಿಸಿಕೊಳ್ಳುತ್ತಿದ್ದೇವೆ.

ಪಾಲಿಕೆಯ ಆಶ್ರಯ ಕೇಂದ್ರವೊಂದಕ್ಕೆ ನಾನೇ ಅವರನ್ನು ಕರೆದುಕೊಂಡು ಹೋಗಿದ್ದೆ. ಅದು ಗಂಡಸರಿಗೆ ಮಾತ್ರ ಎಂದರು. ತಂದೆ ಇಲ್ಲಿರಲಿ, ತಾಯಿ ಮಕ್ಕಳು ಬೇರೆ ಕಡೆಯ ಮಹಿಳಾ ಕೇಂದ್ರಕ್ಕೆ ಹೋಗಲಿ ಎಂಬುದು ಅವರ ಸಲಹೆಯಾಗಿತ್ತು. ದಂಪತಿ ಒಪ್ಪಲಿಲ್ಲ, ಮತ್ತೆ ಸೇತುವೆಯ ಕೆಳಗೇ ಹೋದರು. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ನನ್ನ ಪ್ರಶ್ನೆ ಎರಡು. ಕುಟುಂಬವನ್ನು ಒಡೆಯದೆ ಆಶ್ರಯ ಕೊಡಬೇಕೆಂಬ ನಿಯಮ ಎಲ್ಲಿಯಾದರೂ ಇದೆಯೇ, ಇದ್ದರೆ ಯಾರನ್ನು ಕೇಳಬೇಕು? ಎರಡನೆಯದಾಗಿ, ಇಂಥವರಿಗೆ ಸ್ವಂತ ಸೂರು ಸಿಗುವ ಸರ್ಕಾರಿ ದಾರಿ ಯಾವುದು? ಯೋಜನೆಗಳ ಹೆಸರುಗಳನ್ನು ಜಾಹೀರಾತುಗಳಲ್ಲಿ ನೋಡುತ್ತಲೇ ಇರುತ್ತೇವೆ. ಆದರೆ ಕೇಳುವವರು ಕೇಳುವ ಮೊದಲ ದಾಖಲೆಯೇ ವಾಸದ ವಿಳಾಸ, ಈ ಕುಟುಂಬಕ್ಕೆ ಇಲ್ಲದಿರುವುದೂ ಅದೇ.

ಉತ್ತರ 1: ರಾತ್ರಿಪಾಳಿ

ನಾನು ಕೆಲವು ವರ್ಷ ವಸತಿರಹಿತರ ಆಶ್ರಯ ಕೇಂದ್ರದಲ್ಲಿ ಮೇಲ್ವಿಚಾರಕನಾಗಿದ್ದವನು. ನಿಮ್ಮ ಮೊದಲ ಪ್ರಶ್ನೆಗೆ ಉತ್ತರ: ನಿಯಮ ಇದೆ, ಅದರ ಪಾಲನೆ ಬಹಳ ಕಡಿಮೆ. 2010ರಲ್ಲಿ ಆಹಾರದ ಹಕ್ಕಿನ ಪ್ರಕರಣದ ವಿಚಾರಣೆಯ ನಡುವೆ, ದಿಲ್ಲಿಯ ಚಳಿಯಲ್ಲಿ ರಾತ್ರಿ ತಂಗುದಾಣವನ್ನು ಕೆಡವಿದ ವಿಷಯ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ದೊಡ್ಡ ನಗರಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ವರ್ಷವಿಡೀ, ದಿನದ 24 ಗಂಟೆಯೂ ತೆರೆದಿರುವ ಆಶ್ರಯ ಕೇಂದ್ರ ಇರಬೇಕೆಂದು ನ್ಯಾಯಾಲಯ ರಾಜ್ಯಗಳಿಗೆ ಹೇಳಿತು. 2013ರಲ್ಲಿ ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದಡಿ ಬಂದ ನಗರ ವಸತಿರಹಿತರ ಆಶ್ರಯ ಯೋಜನೆ ಇದನ್ನೇ ವಿವರವಾಗಿ ಬರೆಯಿತು. ಲಕ್ಷ ಜನಸಂಖ್ಯೆಗೆ ಕನಿಷ್ಠ ನೂರು ಜನರಿಗೆ ಜಾಗವಿರಬೇಕು, ಒಬ್ಬರಿಗೆ 50 ಚದರ ಅಡಿ ಸಿಗಬೇಕು, ಹಾಸಿಗೆ, ಹೊದಿಕೆ, ಸ್ನಾನದ ಮನೆ, ಶೌಚಾಲಯ, ಅಡುಗೆಗೆ ಜಾಗ, ಸಾಮಾನಿಗೆ ಬೀಗ ಹಾಕುವ ಪೆಟ್ಟಿಗೆ ಇರಬೇಕು, ಹತ್ತಿರದ ಅಂಗನವಾಡಿಯ ಜೊತೆ ಸಂಪರ್ಕ ಇರಬೇಕು. ಗಂಡಸರಿಗೆ, ಹೆಂಗಸರಿಗೆ, ಕಾಯಿಲೆಯವರು ಮತ್ತು ವೃದ್ಧರಂಥ ವಿಶೇಷ ಅಗತ್ಯದವರಿಗೆ ಇರುವ ಹಾಗೆಯೇ ಕುಟುಂಬಗಳಿಗೂ ಪ್ರತ್ಯೇಕ ಕೇಂದ್ರ ಇರಬೇಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. 2011ರ ಜನಗಣತಿಯಂತೆ ಬೆಂಗಳೂರು ಪಾಲಿಕೆಯ ಜನಸಂಖ್ಯೆ 84 ಲಕ್ಷ. ಅಂದರೆ ಆಗಲೇ ಎಂಬತ್ತಕ್ಕಿಂತ ಹೆಚ್ಚು ಕೇಂದ್ರಗಳು ಬೇಕಾಗಿದ್ದವು. ನಾವು ಅದರ ಹತ್ತಿರಕ್ಕೂ ಬಂದಿಲ್ಲ. ಇರುವ ಕೇಂದ್ರಗಳಲ್ಲಿ ಬಹುಪಾಲು ಒಂಟಿ ಗಂಡಸರಿಗೆ. ದೊಡ್ಡ ಹಾಲು, ಸಾಲು ಮಂಚ, ಒಂದೇ ಕಡೆ ಶೌಚಾಲಯ ಇರುವ ಕಟ್ಟಡವನ್ನು ಅದಕ್ಕೆ ಕೊಡುವುದು ಸುಲಭ. ಕುಟುಂಬಕ್ಕೆ ಬೇಕಾದ ಅಡ್ಡಗೋಡೆ, ಬಾಗಿಲು, ಒಲೆ ಇವುಗಳಿಗೆ ಖರ್ಚಾಗುತ್ತದೆ.

ಅದೂ ಅಲ್ಲದೆ, ಕುಟುಂಬಗಳು ಕೇಂದ್ರಕ್ಕೆ ಬಾರದಿರಲು ಇನ್ನೊಂದು ಕಾರಣವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಟ್ಟಡ ಕೆಲಸದವರು ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಏಳರೊಳಗೆ ಕೂಲಿ ಸಿಗುವ ವೃತ್ತಕ್ಕೆ ಹೋಗಿ ನಿಲ್ಲಬೇಕು. ಒಲೆ ಹಚ್ಚಲು ಬಿಡದ ಕೇಂದ್ರದಲ್ಲಿ ಅವರು ಮೂರು ಹೊತ್ತೂ ಹೋಟೆಲಿನಲ್ಲಿ ತಿನ್ನಬೇಕಾಗುತ್ತದೆ, ದಿನದ ಕೂಲಿ ಅದಕ್ಕೇ ಸರಿಹೋಗುತ್ತದೆ. ಹಾಗಾಗಿ ಜಾಗ ಕೇಳುವಾಗ ಅಡುಗೆಗೆ ಅವಕಾಶವಿದೆಯೇ ಎಂಬುದನ್ನೂ ಕೇಳಿ.

ಈಗ ಮಾಡಬೇಕಾದ್ದು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಇಲ್ಲ, ಐದು ನಗರ ಪಾಲಿಕೆಗಳಿವೆ. ಮೇಲ್ಸೇತುವೆ ಯಾವ ಪಾಲಿಕೆಯ ವ್ಯಾಪ್ತಿಯಲ್ಲಿದೆ ಎಂದು ನೋಡಿಕೊಂಡು ಅಲ್ಲಿನ ಕಲ್ಯಾಣ ವಿಭಾಗಕ್ಕೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಅರ್ಜಿಯಲ್ಲಿ ಎರಡು ಮಾತು ಸ್ಪಷ್ಟವಾಗಿರಲಿ: ಇದು ಐದು ಜನರ ಕುಟುಂಬ, ಒಡೆಯದೆ ಇರಿಸಬೇಕು, ಕುಟುಂಬ ಕೇಂದ್ರ ಇಲ್ಲವಾದರೆ ಸಮುದಾಯ ಭವನದಂಥ ಪಾಲಿಕೆಯ ಕಟ್ಟಡದಲ್ಲಿ ತಾತ್ಕಾಲಿಕ ವ್ಯವಸ್ಥೆ ಮಾಡಬೇಕು. ಅದೇ ದಿನ ರಾಜ್ಯ ಸರ್ಕಾರದ ಕುಂದುಕೊರತೆ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಿ ಸಂಖ್ಯೆ ಪಡೆಯಿರಿ. ಮಗುವಿಗೆ ಅಪಾಯವಿದೆ ಎನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ, ಆದರೆ ಕರೆ ಮಾಡುವಾಗ ತಂದೆ ತಾಯಿ ಜೊತೆಗಿದ್ದಾರೆ, ಬೇಕಾಗಿರುವುದು ಸೂರು ಎಂದು ಒತ್ತಿ ಹೇಳಿ. ಬಡತನದ ಕಾರಣಕ್ಕೆ ಮಕ್ಕಳು ತಂದೆ ತಾಯಿಯಿಂದ ಬೇರೆಯಾಗಬಾರದು. ಮಹಿಳಾ ಸಹಾಯವಾಣಿ 181ರ ಮೂಲಕ ಸಿಗುವ ಸಖಿ ಕೇಂದ್ರಗಳು ದೌರ್ಜನ್ಯಕ್ಕೊಳಗಾದ ಮಹಿಳೆಯರಿಗಾಗಿ ಇರುವಂಥವು, ತಂಗಲು ಅವಕಾಶವೂ ಕೆಲವೇ ದಿನದ್ದು. ಈ ಕುಟುಂಬದ ಅಗತ್ಯವೇ ಬೇರೆ.

ಮತ್ತೊಂದು ಎಚ್ಚರಿಕೆ. ಮಾಗಡಿ ರಸ್ತೆಯ ನಿರಾಶ್ರಿತರ ಪರಿಹಾರ ಕೇಂದ್ರವನ್ನೂ ಆಶ್ರಯ ಕೇಂದ್ರವನ್ನೂ ಒಂದೇ ಎಂದು ಸಹಾಯ ಮಾಡಹೊರಟವರೇ ಎಷ್ಟೋ ಸಲ ಭಾವಿಸಿಬಿಡುತ್ತಾರೆ. ಅದು 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯಡಿ ಹಿಡಿದು ತಂದವರನ್ನು ಇಡುವ ಜಾಗ. 2010ರ ಆಗಸ್ಟ್‌ನಲ್ಲಿ ಅಲ್ಲಿ ಸಂಭವಿಸಿದ ಸರಣಿ ಸಾವುಗಳನ್ನು ರಸ್ತೆಯಲ್ಲಿ ಬದುಕುವ ಜನ ಮರೆತಿಲ್ಲ. ಸರ್ಕಾರಿ ವಾಹನ ಕಂಡರೆ ಅವರು ಗಂಟು ಎತ್ತಿಕೊಂಡು ಓಡುವುದು ಅದಕ್ಕೇ. ನೀವು ಯಾವ ಅಧಿಕಾರಿಯನ್ನು ಕರೆದುಕೊಂಡು ಹೋದರೂ ಮೊದಲು ಕುಟುಂಬಕ್ಕೆ ತಿಳಿಸಿ.

ಉತ್ತರ 2: ಕಕ್ಷಿದಾರರ ಪರ

ಹಿಂದಿನ ಉತ್ತರ ಉಪಯುಕ್ತವಾಗಿದೆ. ಆದರೆ ಇಲ್ಲಿ ಸರ್ಕಾರಕ್ಕೂ ಮೊದಲು ಹೊಣೆ ಹೊರಬೇಕಾದವನು ಕಟ್ಟಡ ಕಟ್ಟಿಸುತ್ತಿರುವ ಮಾಲೀಕ ಎಂಬುದನ್ನು ಹೇಳಲೇಬೇಕು. ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ 1996ರ ಕಾಯ್ದೆಯ 34ನೇ ಸೆಕ್ಷನ್, ಕಾಮಗಾರಿ ನಡೆಯುವಷ್ಟು ಕಾಲವೂ ಕಾರ್ಮಿಕರಿಗೆ ಕೆಲಸದ ಜಾಗದಲ್ಲೇ ಅಥವಾ ಸಾಧ್ಯವಾದಷ್ಟು ಹತ್ತಿರದಲ್ಲಿ ಉಚಿತ ತಾತ್ಕಾಲಿಕ ವಸತಿ ಕೊಡುವ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿತ್ತು. ಆ ವಸತಿಯಲ್ಲಿ ಅಡುಗೆ, ಸ್ನಾನ, ಬಟ್ಟೆ ಒಗೆಯುವುದು, ಶೌಚ ಇವಕ್ಕೆ ಬೇರೆ ಬೇರೆ ಅನುಕೂಲ ಇರಬೇಕೆಂದೂ ಹೇಳಿತ್ತು. ಈಗ ಆ ವಿಷಯ ಕಾರ್ಮಿಕ ಸಂಹಿತೆಗಳ ಅಡಿ ಬಂದಿದ್ದರೂ ಹೊಣೆಯ ತಿರುಳು ಅದೇ. ಶಿಕ್ಷಕಿಯವರು ಹೇಳಿದಂತೆ ಕೆಲಸ "ಮುಗಿಯುತ್ತಾ ಬಂದಿದೆ", ಪೂರ್ತಿ ಮುಗಿದಿಲ್ಲ. ಈ ವ್ಯತ್ಯಾಸ ಸಣ್ಣದಲ್ಲ. ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಡುವಾಗ ಕಾಮಗಾರಿ ಇನ್ನೂ ನಡೆಯುತ್ತಿರುವ ಫೋಟೊ, ಗುತ್ತಿಗೆದಾರನ ಫಲಕದ ಫೋಟೊ, ಕೂಲಿ ಕೊಟ್ಟ ಯಾವುದೇ ಚೀಟಿ ಅಥವಾ ಫೋನಿಗೆ ಹಣ ಬಂದ ಸಂದೇಶ ಇದ್ದರೆ ಜೊತೆಗಿಡಿ.

ಎತ್ತಂಗಡಿಯ ವಿಷಯದಲ್ಲಿ ಬೆಂಗಳೂರಿನದೇ ಉದಾಹರಣೆಗಳಿವೆ. 2013ರ ಜನವರಿಯಲ್ಲಿ ಈಜಿಪುರದ ಬಡವರ ವಸತಿ ಸಮುಚ್ಚಯದ ಸುಮಾರು ಒಂದೂವರೆ ಸಾವಿರ ಕುಟುಂಬಗಳನ್ನು ಹೊರಹಾಕಿದಾಗ ಎಷ್ಟೋ ಜನ ತಿಂಗಳುಗಟ್ಟಲೆ ಅದೇ ರಸ್ತೆಯ ಪಾದಚಾರಿ ಮಾರ್ಗದಲ್ಲಿ ಮಲಗಿದರು. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಶೆಡ್ಡುಗಳನ್ನು ಕೆಡವಿದ ಪ್ರಕರಣದಲ್ಲಿ ಮಾತ್ರ ಹೈಕೋರ್ಟ್ ಮಧ್ಯೆ ಬಂದು, ಜನರನ್ನು ಎಬ್ಬಿಸುವಂತೆ ಸೂಚಿಸುವ ಅಧಿಕಾರ ಪೊಲೀಸರಿಗಿಲ್ಲ ಎಂದು ಹೇಳಿ, ಪುನರ್ವಸತಿಯ ಹೊಣೆಯನ್ನು ರಾಜ್ಯದ ಮುಂದಿಟ್ಟಿತು. ಆ ಶೆಡ್ಡುಗಳಲ್ಲಿ ಇದ್ದವರಲ್ಲಿ ಉತ್ತರ ಕರ್ನಾಟಕದಿಂದ ಬಂದ ಕಾರ್ಮಿಕರೂ ಇದ್ದರು. ಸುಪ್ರೀಂ ಕೋರ್ಟ್ 1985ರಲ್ಲಿ ಮುಂಬೈಯ ಪಾದಚಾರಿ ಮಾರ್ಗದ ನಿವಾಸಿಗಳ ಪ್ರಕರಣದಲ್ಲಿ ಜೀವನೋಪಾಯವನ್ನು ಬದುಕುವ ಹಕ್ಕಿನ ಭಾಗವೆಂದು ಒಪ್ಪಿತು, ಮಳೆಗಾಲ ಮುಗಿಯುವ ತನಕ ಅವರನ್ನು ಎಬ್ಬಿಸಬಾರದೆಂದೂ ಹೇಳಿತು. ಎಬ್ಬಿಸುವುದನ್ನೇ ತಪ್ಪೆಂದು ಆ ತೀರ್ಪು ಹೇಳಲಿಲ್ಲ, ಅದು ಅದರ ಮಿತಿ.

ವಕೀಲರಿಗೆ ಹಣ ಎಲ್ಲಿಂದ ಎಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಎಲ್ಲ ಮಹಿಳೆಯರಿಗೂ ಮಕ್ಕಳಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ ಉಚಿತ ಕಾನೂನು ನೆರವು ಸಿಗಬೇಕು, ಆದಾಯ ಎಷ್ಟೆಂದು ಅವರನ್ನು ಕೇಳುವಂತಿಲ್ಲ. ತಾಯಿಯ ಹೆಸರಿನಲ್ಲಿ ಅರ್ಜಿ ಹಾಕಿಸಿ. ಸಹಾಯವಾಣಿ 15100.

ಇನ್ನೊಂದು ಮಾತು, ಇದು ನನ್ನ ಅಭಿಪ್ರಾಯ. ಆಶ್ರಯ ಕೇಂದ್ರಗಳನ್ನು ಹೆಚ್ಚಿಸಿದರೆ ಸಮಸ್ಯೆ ಬಗೆಹರಿಯಿತು ಎಂದು ಸರ್ಕಾರ ಭಾವಿಸುವ ಅಪಾಯವಿದೆ. ಮಂಚದ ಲೆಕ್ಕ ತೋರಿಸಿ ಮನೆಯ ಮಾತನ್ನು ಮುಂದೂಡುವುದನ್ನು ನಾವು ಒಪ್ಪಬಾರದು.

ಉತ್ತರ 3: ಭೀಮಾತೀರ

ನಾನು ಯಾದಗಿರಿ ಜಿಲ್ಲೆಯ ಗ್ರಾಮ ಪಂಚಾಯಿತಿಯೊಂದರ ಮಾಜಿ ಸದಸ್ಯ. ಎರಡನೆಯ ಪ್ರಶ್ನೆಗೆ ನಾನು ಕಂಡಷ್ಟನ್ನು ಬರೆಯುತ್ತೇನೆ.

ಸ್ವಂತ ಮನೆಯ ದಾರಿ ಈ ಕುಟುಂಬಕ್ಕೆ ಸದ್ಯಕ್ಕೆ ಊರಿನಲ್ಲೇ ತೆರೆದಿದೆ. ಬಸವ ವಸತಿ ಯೋಜನೆ, ಪರಿಶಿಷ್ಟರಿಗೆ ಡಾ. ಅಂಬೇಡ್ಕರ್ ನಿವಾಸ ಯೋಜನೆ, ವಿಧವೆಯರು ಮತ್ತು ಅಂಗವಿಕಲರಂಥವರಿಗೆ ದೇವರಾಜ ಅರಸು ವಸತಿ ಯೋಜನೆ ಇವೆಲ್ಲವನ್ನೂ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ನಡೆಸುತ್ತದೆ. ಅಜ್ಜಿ ವಿಧವೆಯಾಗಿದ್ದರೆ ಅವರ ಹೆಸರನ್ನು ಮೂರನೆಯದರಲ್ಲಿ ವಿಚಾರಿಸಿ. ಕೇಂದ್ರದ ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಶುರುವಾಯಿತು. ಅದರಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ಕಂತುಗಳಲ್ಲಿ ಬರುತ್ತದೆ, ಮನೆ ಕನಿಷ್ಠ 25 ಚದರ ಮೀಟರ್ ಇರಬೇಕು. ಸೂರೇ ಇಲ್ಲದ ಕುಟುಂಬ, ಭಿಕ್ಷೆಯಿಂದ ಬದುಕುವವರು, ಕೈಯಿಂದ ಮಲ ಎತ್ತುತ್ತಿದ್ದವರು, ಜೀತದಿಂದ ಬಿಡುಗಡೆಯಾದವರು ಇವರೆಲ್ಲ ಬೇರಾವ ಅಂಕ ಲೆಕ್ಕಾಚಾರವೂ ಇಲ್ಲದೆ ಪಟ್ಟಿಗೆ ಸೇರಬೇಕೆಂಬುದು ಆ ಯೋಜನೆಯ ನಿಯಮ. ಇದನ್ನು ಅರ್ಜಿಯಲ್ಲಿ ಉಲ್ಲೇಖಿಸಿ.

ಕಾಗದದಲ್ಲಿ ಇಷ್ಟು ಇದ್ದರೂ ಗುಳೆ ಹೋದವರ ಹೆಸರು ಪಟ್ಟಿಯಿಂದ ತಪ್ಪುವುದು ಗ್ರಾಮಸಭೆಯಲ್ಲಿ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಅರ್ಧ ಓಣಿ ಬಾಗಿಲು ಹಾಕಿಕೊಂಡು ಬೆಂಗಳೂರು, ಪುಣೆ, ಮುಂಬೈ ಎಂದು ಹೋಗಿಬಿಡುತ್ತದೆ. ಸಮೀಕ್ಷೆಯವರು ಬಂದಾಗ ಬೀಗ ಕಾಣುತ್ತದೆ. ಸಭೆಯಲ್ಲಿ ಅವರ ಹೆಸರು ಓದಿದರೆ ಯಾರಾದರೂ ಒಬ್ಬರು "ಊರಾಗ ಇರಂಗಿಲ್ಲ, ಇವ್ರಿಗಿ ಮನಿ ಯಾಕ್ರಿ" ಅಂದುಬಿಡುತ್ತಾರೆ, ಮುಂದಿನ ಹೆಸರಿಗೆ ಹೋಗುತ್ತಾರೆ. ಹೀಗೆ ಬಿಟ್ಟುಹೋದ ಕುಟುಂಬಕ್ಕೆ ಮತ್ತೆ ಪಟ್ಟಿ ತೆರೆಯುವ ತನಕ ವರ್ಷಗಳು ಬೇಕು. ಮನೆ ಮಂಜೂರಾದವರದ್ದೂ ಕಷ್ಟ ಬೇರೆ. ತಳಪಾಯ, ಗೋಡೆ, ಛಾವಣಿ ಎಂದು ಹಂತ ಹಂತವಾಗಿ ಫೋಟೊ ಹೊಡೆದ ಮೇಲೆಯೇ ಮುಂದಿನ ಕಂತು ಬರುವುದರಿಂದ ಮೊದಲ ಹಂತದ ಹಣವನ್ನು ಕೈಯಿಂದ ಹಾಕಬೇಕು. ಅದಕ್ಕೆ ಸಾಲ ಮಾಡಿ, ಸಾಲ ತೀರಿಸಲು ಮತ್ತೆ ಗುಳೆ ಹೋದವರ ಅರ್ಧ ಕಟ್ಟಿದ ಗೋಡೆಗಳು ನಮ್ಮ ಊರಿನಲ್ಲೇ ನಿಂತಿವೆ.

ಆದ್ದರಿಂದ ಶಿಕ್ಷಕಿಯವರಲ್ಲಿ ನನ್ನ ವಿನಂತಿ: ಕುಟುಂಬ ಬೆಂಗಳೂರಿನಲ್ಲಿದ್ದರೂ ಊರಿನ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ರಿಜಿಸ್ಟರ್ಡ್ ಅಂಚೆಯಲ್ಲಿ ಅರ್ಜಿ ಕಳಿಸಲಿ. ನಿವೇಶನ ಇದೆಯೋ ಇಲ್ಲವೋ ಎಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆಯಲಿ, ಏಕೆಂದರೆ ನಿವೇಶನರಹಿತರ ಪಟ್ಟಿಯೇ ಬೇರೆ. ಮುಂದಿನ ಗ್ರಾಮಸಭೆಯ ದಿನಾಂಕವನ್ನು ಕೇಳಿ ತಿಳಿದುಕೊಂಡು, ಆ ದಿನ ಒಬ್ಬರಾದರೂ ಊರಲ್ಲಿರಲಿ. ಒಂದು ದಿನದ ಕೂಲಿ ಹೋಗುತ್ತದೆ ನಿಜ, ಆದರೆ ಎದುರಿಗೆ ನಿಂತಿರುವ ಮನುಷ್ಯನ ಹೆಸರನ್ನು ಬಿಟ್ಟು ಮುಂದೆ ಹೋಗುವುದು ಸಭೆಗೆ ಕಷ್ಟ.

ಪಡಿತರ ಚೀಟಿ ಯಾದಗಿರಿಯದಾದರೂ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ ಅಕ್ಕಿ ತೆಗೆದುಕೊಳ್ಳಬಹುದು. ಅನೇಕರಿಗೆ ಇದು ಗೊತ್ತಿಲ್ಲ.

ಪ್ರಶ್ನೆ ಕೇಳಿದವರು: ಶಾಲಾ ಶಿಕ್ಷಕಿ, ಬೆಂಗಳೂರು

ಮೂವರಿಗೂ ಮನಃಪೂರ್ವಕ ಧನ್ಯವಾದ. ಗುತ್ತಿಗೆದಾರನ ಫಲಕದ ಫೋಟೊವನ್ನು ಹುಡುಗಿಯ ತಂದೆಯೇ ತೆಗೆದುಕೊಂಡು ಬಂದರು. ಪಾಲಿಕೆಗೆ ಅರ್ಜಿ ಬರೆದಿದ್ದೇವೆ, ತಾಯಿ ಸಹಿ ಹಾಕಿದ್ದಾರೆ. ಆದರೆ ಅವರು ಕೇಳಿದ ಒಂದು ಪ್ರಶ್ನೆಗೆ ನನ್ನ ಬಳಿ ಉತ್ತರವಿಲ್ಲ. "ಊರಿಗೆ ಹೋದರೆ ಕೂಲಿ ಇಲ್ಲ, ಇಲ್ಲೇ ಇದ್ದರೆ ಯಾವ ಲೆಕ್ಕಕ್ಕೂ ಇಲ್ಲ, ಇಲ್ಲಿಯವರು ಅಂತ ನಮ್ಮನ್ನು ಬರೆದುಕೊಳ್ಳುವುದು ಯಾವಾಗ?" ಎಂದರು. ನಗರದ ವಸತಿ ಯೋಜನೆಗಳಲ್ಲಿ ಅವರಿಗೆ ಜಾಗವೇ ಇಲ್ಲವೇ?

ಉತ್ತರ 4: ರಾತ್ರಿಪಾಳಿ

ನಗರದ ಯೋಜನೆಗಳಿವೆ. 2015ರಲ್ಲಿ ಶುರುವಾದ ಪ್ರಧಾನ ಮಂತ್ರಿ ಆವಾಸ್ ನಗರ ಯೋಜನೆಯ ಈಗಿನ ಎರಡನೆಯ ಹಂತ, ಕೊಳಗೇರಿ ಅಭಿವೃದ್ಧಿ ಮಂಡಳಿಯ ಮನೆಗಳು, ರಾಜ್ಯದ ಬಹುಮಹಡಿ ವಸತಿ ಯೋಜನೆ ಹೀಗೆ. ಆದರೆ ಕೊಳಗೇರಿ ಮಂಡಳಿಯ ಮನೆ ಬಹುತೇಕ ಘೋಷಿತ ಕೊಳಗೇರಿಯ ನಿವಾಸಿಗೆ. ಖಾಲಿ ನಿವೇಶನದಲ್ಲಿ ಕಾಮಗಾರಿ ಇರುವಷ್ಟು ದಿನ ಎದ್ದು ಬೀಳುವ ಶೆಡ್ಡುಗಳು ಎಂದೂ ಘೋಷಣೆಯಾಗುವುದಿಲ್ಲ. ಬಹುಮಹಡಿ ಮನೆಗೆ ನಗರದಲ್ಲಿ ವರ್ಷಗಳಿಂದ ಇದ್ದೇವೆಂಬ ದಾಖಲೆ ಬೇಕು, ಫಲಾನುಭವಿಯ ವಂತಿಗೆಯೂ ಬೇಕು. ದಿನಗೂಲಿಯ ಕುಟುಂಬ ಈ ಎರಡರಲ್ಲೂ ಸೋಲುತ್ತದೆ. 2020ರಲ್ಲಿ ವಲಸೆ ಕಾರ್ಮಿಕರಿಗೆಂದು ಬಾಡಿಗೆ ವಸತಿ ಸಮುಚ್ಚಯಗಳ ಯೋಜನೆ ಬಂತು. ನನ್ನ ದೃಷ್ಟಿಯಲ್ಲಿ ಇವರಿಗೆ ನಿಜವಾಗಿ ಬೇಕಾಗಿರುವುದು ಅಂಥದ್ದೇ: ಮುಂಗಡ ಕೇಳದ, ಕೂಲಿಯಲ್ಲಿ ಕಟ್ಟಬಹುದಾದ ಬಾಡಿಗೆಯ ಕೋಣೆ. ದುಡಿಯುವ ಊರಿನಲ್ಲಿ ಅದು ಸಿಗುವಂತಾಗಬೇಕೆಂದು ನಾವು ಕೇಳುತ್ತಲೇ ಇರಬೇಕು.

ಆಶ್ರಯ ಕೇಂದ್ರ ಮನೆಯ ಮಾತನ್ನು ಮುಂದೂಡುವ ಸಾಧನವಾಗಬಾರದೆಂಬ ಎರಡನೆಯ ಉತ್ತರ ಬರೆದವರ ಮಾತನ್ನು ನಾನು ಒಪ್ಪುತ್ತೇನೆ, ಒಂದು ತಿದ್ದುಪಡಿಯೊಂದಿಗೆ. ಚೆನ್ನಾಗಿ ನಡೆಸಿದ ಕೇಂದ್ರ ಕುಟುಂಬಕ್ಕೆ ಕೊಡುವ ಅತಿ ದೊಡ್ಡ ವಸ್ತು ಅದರ ಹಾಜರಿ ಪುಸ್ತಕ. ಯಾವ ದಿನ ಬಂದರು, ಎಷ್ಟು ಜನ, ಮಕ್ಕಳು ಯಾವ ಶಾಲೆ, ಇದೆಲ್ಲ ಅಲ್ಲಿ ದಾಖಲಾಗುತ್ತದೆ. ಮಾನ್ಯತೆ ಪಡೆದ ಆಶ್ರಯ ಕೇಂದ್ರದ ಮುಖ್ಯಸ್ಥರು ನಿಗದಿತ ನಮೂನೆಯಲ್ಲಿ ಕೊಡುವ ಪ್ರಮಾಣಪತ್ರವನ್ನು ಆಧಾರ್ ವಿಳಾಸಕ್ಕೆ ಒಪ್ಪುತ್ತಾರೆ. ಗುರುತಿನ ದಾಖಲೆ, ಪಡಿತರ, ಪಿಂಚಣಿ ಇವನ್ನು ಮಾಡಿಸಿಕೊಡುವುದು ಕೇಂದ್ರದ ಕರ್ತವ್ಯ ಎಂದು ಮಾರ್ಗಸೂಚಿಯೇ ಹೇಳುತ್ತದೆ. ನಾನಿದ್ದ ಕಡೆ ಒಬ್ಬ ಮುದುಕಿ ಆ ಪತ್ರಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಸೆರಗಿನ ಗಂಟಿನಲ್ಲೇ ಇಟ್ಟುಕೊಂಡಿದ್ದರು. ಅದನ್ನು ತೋರಿಸಿಯೇ ಅವರ ವೃದ್ಧಾಪ್ಯ ವೇತನದ ಅರ್ಜಿ ಮುಂದೆ ಹೋಯಿತು.

ಮತದಾರರ ಪಟ್ಟಿಗಂತೂ ಮನೆಯೇ ಬೇಕಿಲ್ಲ. ನಮೂನೆ 6ರಲ್ಲಿ ಮಲಗುವ ಜಾಗವನ್ನೇ ಬರೆದು ಕೊಟ್ಟರೆ, ಮತಗಟ್ಟೆ ಮಟ್ಟದ ಅಧಿಕಾರಿ ಒಂದಕ್ಕಿಂತ ಹೆಚ್ಚು ರಾತ್ರಿ ಅಲ್ಲಿಗೆ ಬಂದು ಅವರು ಅಲ್ಲೇ ಮಲಗುತ್ತಾರೆಂದು ಖಚಿತಪಡಿಸಿಕೊಳ್ಳಬೇಕು, ವಾಸದ ದಾಖಲೆ ಕೇಳಬಾರದು ಎಂಬುದು ಚುನಾವಣಾ ಆಯೋಗದ ಸೂಚನೆ. ಮೇಲ್ಸೇತುವೆಯ ಕಂಬದ ಸಂಖ್ಯೆಯನ್ನೂ ಬರೆಯಬಹುದು. ಹೆಸರು ಎರಡು ಕಡೆ ಇರುವಂತಿಲ್ಲವಾದ್ದರಿಂದ ಊರಿನ ಪಟ್ಟಿಯಲ್ಲಿರುವುದನ್ನು ಬಿಡಬೇಕೋ ಎಂದು ಅವರೇ ಯೋಚಿಸಿ ತೀರ್ಮಾನಿಸಲಿ. ಊರಿನ ಮನೆಯ ಆಸೆ ಇದ್ದರೆ ಸದ್ಯಕ್ಕೆ ಬಿಡದಿರುವುದೇ ಒಳಿತು ಎನ್ನುತ್ತೇನೆ.

ಉತ್ತರ 5: ಕಕ್ಷಿದಾರರ ಪರ

ಹಾಜರಿ ಪುಸ್ತಕದ ಮಾತು ಸರಿಯಾಗಿದೆ, ಅದಕ್ಕೆ ಸೇರಿಸುವುದು ಒಂದಿದೆ. ಇಂದಿನ ಸ್ಥಿತಿಯಲ್ಲಿ ಈ ಕುಟುಂಬದ ಬಳಿ ಇರುವ ಅತ್ಯಂತ ಗಟ್ಟಿಯಾದ ನಗರದ ದಾಖಲೆ ಹುಡುಗಿಯ ಶಾಲಾ ದಾಖಲಾತಿ. ಯಾವ ದಿನಾಂಕದಿಂದ ಓದುತ್ತಿದ್ದಾಳೆ ಎಂಬ ವ್ಯಾಸಂಗ ಪ್ರಮಾಣಪತ್ರವನ್ನು ಮುಖ್ಯೋಪಾಧ್ಯಾಯರಿಂದ ಪಡೆದು ಪಾಲಿಕೆಯ ಅರ್ಜಿಗೂ ಕಾರ್ಮಿಕ ಇಲಾಖೆಯ ದೂರಿಗೂ ಲಗತ್ತಿಸಿ. ತಂದೆ ತಾಯಿ ಇಬ್ಬರನ್ನೂ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿ. ಹಿಂದಿನ ಒಂದು ವರ್ಷದಲ್ಲಿ 90 ದಿನ ಕೆಲಸ ಮಾಡಿದ ದೃಢೀಕರಣ ಬೇಕಾಗುತ್ತದೆ. ಮೇಸ್ತ್ರಿ ಕೊಡದಿದ್ದರೆ ನೋಂದಾಯಿತ ಕಾರ್ಮಿಕ ಸಂಘದ ಮೂಲಕವೂ ಪಡೆಯಲು ದಾರಿಯಿದೆ. ಕುಟುಂಬ ಬೇರೆ ಬಡಾವಣೆಗೆ ಹೋಗಬೇಕಾಗಿ ಬಂದರೆ ವರ್ಗಾವಣೆ ಪತ್ರ ತಡವಾಯಿತೆಂದು ಹೊಸ ಶಾಲೆ ಮಗುವನ್ನು ನಿರಾಕರಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಅದನ್ನು ಹೇಳುತ್ತದೆ. ಪಾಲಿಕೆಯ ಅರ್ಜಿಗೆ ಒಂದು ವಾರದಲ್ಲಿ ಲಿಖಿತ ಉತ್ತರ ಬಾರದಿದ್ದರೆ ಸ್ವೀಕೃತಿಯ ಪ್ರತಿಯೊಂದಿಗೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಅಲ್ಲಿಗೆ ತಾಯಿಯ ಜೊತೆ ಅಜ್ಜಿಯೂ ಬರಲಿ, ಅವರ ಹೇಳಿಕೆಯನ್ನೂ ಬರೆಸಿ.